ಮಂಚ ಮಾತ್ರ ಕಾಣುತ್ತದೆ

‘ಬೆಳಗ್ಗೆ ಎಂಟೂವರೆಗೆ ನೋಡಿ, ಭಾರತದ ಸಮಯ’ ಎಂದು ಯಾರೋ ಇಂಗ್ಲಿಷಿನಲ್ಲಿ ಬರೆದಿದ್ದರು. ಅದರ ಕೆಳಗೆ ಇನ್ಯಾರೋ ಹೆಬ್ಬೆರಳೆತ್ತಿದ ಚಿತ್ರ ಹಾಕಿದ್ದರು. ಮೇಲೆ, ಲ್ಯಾಪ್‌ಟಾಪ್ ತೆರೆಯ ಅಂಗೈಯಗಲದ ಚೌಕದಲ್ಲಿ, ಶ್ರೀಹರಿಯ ತಾಯಿ ಅಲಮೇಲಮ್ಮ ತಮ್ಮ ಕೋಣೆಯ ಮಂಚದ ಮೇಲೆ ಮಲಗಿದ್ದರು.

ಶ್ರೀಹರಿ ಆ ಸಾಲನ್ನು ಮತ್ತೊಮ್ಮೆ ಓದಿದ. ಎಂಟೂವರೆಗೆ ಅಂಥದ್ದೇನು ನಡೆಯುತ್ತದೆಂದು ಅವನಿಗೆ ಹೊಳೆಯಲಿಲ್ಲ. ಅಮ್ಮನ ಮೈ ಒರೆಸುವುದು ಹತ್ತು ಗಂಟೆಯ ಮೇಲೆ. ಆಗ, ಅಮ್ಮನನ್ನು ನೋಡಿಕೊಳ್ಳಲು ಬರುವ ಕಮಲಮ್ಮ ತಪ್ಪದೆ ಕೋಣೆಯ ಕ್ಯಾಮೆರಾದ ಮೇಲೆ ಟವೆಲು ಹೊದಿಸುತ್ತಿದ್ದರು. ಅದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅವನು ಕೂತಿದ್ದದ್ದು ಚಾಮರಾಜಪೇಟೆಯ ಅವರ ಮನೆಯ ಪಡಸಾಲೆಯಲ್ಲಿ, ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು. ಗೋಡೆಯ ಆಚೆ ಅಮ್ಮನ ಕೋಣೆ. ಅಲ್ಲಿಂದ ಕಮಲಮ್ಮನ ದನಿ ಕೇಳುತ್ತಿತ್ತು.

“ಏನಮ್ಮಾ, ಇವತ್ತು ಎರಡು ಜಡೆ ಹಾಕ್ಬಿಡ್ಲಾ? ಟೇಪು ಕಟ್ಟಿ ಸ್ಕೂಲಿಗ್ ಕಳಿಸ್ತೀನಿ.”

“ಮೊದ್ಲು ಇರೋ ನಾಕು ಕೂದ್ಲು ಉಳಿಸೇ ತಾಯಿ,” ಎಂದರು ಅಲಮೇಲಮ್ಮ. ಲಕ್ವ ಹೊಡೆದ ಮೇಲೆ ಅವರ ಮಾತು ಒಂದು ಬದಿಗೆ ಜಾರುತ್ತಿತ್ತು; ಬುದ್ಧಿಗೆ ಏನೂ ಆಗಿರಲಿಲ್ಲ.

ಕಮಲಮ್ಮನ ನಗು ಗೋಡೆ ದಾಟಿ ಬಂತು. ಸ್ವಲ್ಪ ಹೊತ್ತಿನ ಮೇಲೆ ತೆರೆಯ ಮೇಲಿನ ಚೌಕದಲ್ಲಿ ಅವರ ಭುಜಗಳು ಅಲುಗಿದವು. ಆ ತಡವನ್ನು ನೋಡುತ್ತಿದ್ದಂತೆ ಶ್ರೀಹರಿಗೆ ಅರಿವಾಯಿತು. ಇದು ಹಳೆಯ ಫೋಟೋ ಅಲ್ಲ. ಈಗ, ಈ ಕ್ಷಣ, ತಾನಲ್ಲದೆ ಬೇರೆ ಯಾರೋ ಇದೇ ನಗುವನ್ನು ಇದೇ ತಡದೊಂದಿಗೆ ನೋಡುತ್ತಿದ್ದಾರೆ.

ಬಸವನಗುಡಿಯ ಪಿಯು ಕಾಲೇಜಿನಲ್ಲಿ ಅವನು ಭೌತಶಾಸ್ತ್ರ ಪಾಠ ಮಾಡುತ್ತಿದ್ದ. ಎರಡು ಪಿರಿಯಡ್‌ಗಳ ನಡುವೆ ಸ್ಟಾಫ್ ರೂಮಿನಲ್ಲಿ ಮೊಬೈಲು ತೆರೆದು ಅಮ್ಮನನ್ನು ನೋಡುವುದು ಅವನ ರೂಢಿ. ಆ ದಿನ ಚಿತ್ರ ತಡವರಿಸಿ ತಡವರಿಸಿ ನಿಂತುಹೋಯಿತು. ಇಂಟರ್‌ನೆಟ್ ಲೈನಿನ ತೊಂದರೆ ಇರಬೇಕೆಂದು ಮಧ್ಯಾಹ್ನ ರಜೆ ಹಾಕಿ ಬಂದ. ರೂಟರ್‌ನ ಪುಟ ತೆರೆದು, ಮನೆಯಿಂದ ಯಾರ್ಯಾರಿಗೆ ಚಿತ್ರ ಹೋಗುತ್ತಿದೆಯೆಂದು ನೋಡಿದ. ನೋಡುವವರು ಇರಬೇಕಾದದ್ದು ಮೂವರು: ಅವನು, ಮೈಸೂರಿನಲ್ಲಿರುವ ಅಕ್ಕ ಪದ್ಮಿನಿ, ಪುಣೆಯಲ್ಲಿರುವ ಅಣ್ಣ. ಪಟ್ಟಿ ತೆರೆಯ ಕೆಳಗೂ ಮುಂದುವರಿದಿತ್ತು. ಅನುಮಾನದಿಂದ ತಮ್ಮ ಮನೆಯ ಇಂಟರ್‌ನೆಟ್ ವಿಳಾಸದ ಅಂಕಿಗಳನ್ನೇ ಹುಡುಕಾಟಕ್ಕೆ ಹಾಕಿದ. ಬೀಗವಿಲ್ಲದ ಕ್ಯಾಮೆರಾಗಳನ್ನು ಊರೂರಿನಿಂದ ಹೆಕ್ಕಿ ಜೋಡಿಸಿದ ಒಂದು ತಾಣ ಸಿಕ್ಕಿತು. ಒಂದು ದಿನಸಿ ಅಂಗಡಿ, ಒಂದು ಕಾರ್ ಪಾರ್ಕಿಂಗ್, ಯಾವುದೋ ದೇಶದ ದನದ ಕೊಟ್ಟಿಗೆ, ತೊಟ್ಟಿಲಲ್ಲಿ ಮಗು. ಮುಂದಿನ ಚೌಕದ ಕೆಳಗೆ ‘ಬೆಂಗಳೂರು, ಮಲಗುವ ಕೋಣೆ’ ಎಂದಿತ್ತು.

ಅವನು ಎದ್ದು ಕೋಣೆಗೆ ಹೋದ. ಕಮಲಮ್ಮ ಬಾಚಣಿಗೆಯ ಕೂದಲು ಬಿಡಿಸುತ್ತಿದ್ದರು.

“ಏನ್ ಸಾರ್, ಇಷ್ಟು ಬೇಗ? ಮಕ್ಳು ಓಡಿಸ್ಬಿಟ್ರಾ?”

ಅವನು ಉತ್ತರಿಸದೆ ಕಪಾಟಿನ ಮೇಲಿದ್ದ ಕ್ಯಾಮೆರಾದ ವೈರು ಕಿತ್ತ. ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರನ್ನೂ ಗೋಡೆಯ ಸ್ವಿಚ್ಚಿನಿಂದಲೇ ಆರಿಸಿದ. ಅದರ ಫ್ಯಾನು ನಿಂತಾಗ ಕೋಣೆ ಇದ್ದಕ್ಕಿದ್ದಂತೆ ದೊಡ್ಡದಾದಂತೆ ಕಂಡಿತು.

“ಕೆಟ್ಟಿದೆ,” ಎಂದ.

“ಅಯ್ಯೋ, ಮೈಸೂರ್ ಅಕ್ಕೋರಿಗೆ ಇವತ್ತು ಸೀರಿಯಲ್ ಇಲ್ಲ ಅನ್ನಿ,” ಎಂದು ಕಮಲಮ್ಮ ನಕ್ಕರು.

ಎಲ್ಲ ಅವನೇ ಮಾಡಿದ್ದು. ಹಿಂದಿನ ವರ್ಷ ಅಮ್ಮನಿಗೆ ಲಕ್ವ ಹೊಡೆದಾಗ, ಹಗಲೆಲ್ಲ ಅವರನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳುವುದಕ್ಕೆ ಅಗ್ಗದ ದಾರಿಯೊಂದು ಹೊಳೆದಿತ್ತು. ಹಾಡು ಕೇಳಲು, ಸಿನಿಮಾ ನೋಡಲು ಎಲ್ಲರೂ ಹಾಕಿಕೊಳ್ಳುವ ಉಚಿತ ಪ್ಲೇಯರು ಹಳೆಯ ಕಂಪ್ಯೂಟರಿನಲ್ಲಿತ್ತು. ಅದಕ್ಕೆ ಕ್ಯಾಮೆರಾ ಜೋಡಿಸಿದರೆ, ಕಂಡದ್ದನ್ನು ಅದು ಹೊರಗಿನವರಿಗೂ ಕಳಿಸಬಲ್ಲದು. ಆದರೆ ಯಾರಾದರೂ ಎದುರಿಗೆ ಕೂತು ನಡೆಸಲೆಂದು ಮಾಡಿದ ವಸ್ತು ಅದು. ಕಾವಲಿಲ್ಲದೆ ಹಗಲೂ ರಾತ್ರಿ ಓಡಲೆಂದಲ್ಲ. ಕರೆಂಟು ಹೋಗಿ ಬಂದಾಗಲೆಲ್ಲ ಕಂಪ್ಯೂಟರು ಪಾಸ್‌ವರ್ಡ್ ಕೇಳುತ್ತ ನಿಂತುಬಿಡುತ್ತಿತ್ತು. ಮೈಸೂರಿನಿಂದ ಪದ್ಮಿನಿ ಗಾಬರಿಯಾಗಿ ಫೋನ್ ಮಾಡುತ್ತಿದ್ದಳು. ಅವನು ಆ ಪಾಸ್‌ವರ್ಡ್ ತೆಗೆದ. ಪ್ಲೇಯರು ತಾನೇ ಶುರುವಾಗುವಂತೆ ಮಾಡಿದ. ಹೊರಗಿನಿಂದ ಒಳಕ್ಕೆ ಬರಲು ರೂಟರಿನಲ್ಲಿ ಒಂದು ದಾರಿ ಬಿಟ್ಟ. ಚಿತ್ರ ನೋಡುವುದಕ್ಕೆ ಇನ್ನೊಂದು ಪಾಸ್‌ವರ್ಡ್ ಇತ್ತು. ಪದ್ಮಿನಿ ಅದನ್ನು ಟೀವಿಯ ರಿಮೋಟಿನಿಂದ ಒಂದೊಂದೇ ಅಕ್ಷರ ಒತ್ತಬೇಕಿತ್ತು.

“ನಂಗಾಗಲ್ಲ ಕಣೋ ಹರಿ,” ಎಂದಿದ್ದಳು. “ನಮ್ಮಮ್ಮನ್ನ ನೋಡಕ್ಕೆ ನಂಗೇ ಬೀಗಾನಾ?”

ಅದನ್ನೂ ತೆಗೆದ. ಮುಂದೆ ಯಾವಾಗಲಾದರೂ ಸರಿಯಾಗಿ ಮಾಡೋಣ ಎಂದುಕೊಂಡಿದ್ದ. ಬರೀ ಅಂಕಿಗಳ ಆ ವಿಳಾಸ ಯಾರಿಗೆ ಗೊತ್ತಾಗುತ್ತದೆ, ನಮ್ಮ ಮನೆಯನ್ನೇ ಹುಡುಕಿಕೊಂಡು ಯಾರು ಬರುತ್ತಾರೆ ಎಂಬುದು ಅವನ ಲೆಕ್ಕ. ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಅದನ್ನು ಅನಂತ ಎಂದುಕೊಳ್ಳಬೇಡಿ ಎಂದು ತರಗತಿಯಲ್ಲಿ ಹೇಳುವವನೂ ಅವನೇ. ಅವನ ಮನೆಯನ್ನು ಯಾರೂ ಹುಡುಕಿರಲಿಲ್ಲ. ಇರುವ ಎಲ್ಲ ಬಾಗಿಲುಗಳನ್ನೂ ಒಂದೊಂದಾಗಿ ದೂಡುತ್ತ ಹೋಗುವ ಯಂತ್ರಕ್ಕೆ, ತೆರೆದುಕೊಂಡ ಬಾಗಿಲುಗಳಲ್ಲಿ ಇದೂ ಒಂದಾಗಿತ್ತು, ಅಷ್ಟೆ.

ಪಡಸಾಲೆಗೆ ಬರುವಷ್ಟರಲ್ಲಿ ಫೋನು ಬಡಿದುಕೊಳ್ಳುತ್ತಿತ್ತು.

“ಅಮ್ಮ ಕಾಣಿಸ್ತಿಲ್ಲ,” ಎಂದಳು ಪದ್ಮಿನಿ.

“ತೆಗೆದಿದೀನಿ. ಅಕ್ಕಾ, ಬೆಳಗ್ಗೆ ಎಂಟೂವರೆಗೆ ಕೋಣೇಲಿ ಏನ್ ಆಗತ್ತೆ? ನೀನು ಆ ಹೊತ್ತಿಗೆ ನೋಡ್ತೀಯಲ್ಲ?”

“ಎಂಟೂವರೆಗಾ? ಕಮಲಮ್ಮ ಬರೋ ಹೊತ್ತು. ನೀನು ಕಾಲೇಜಿಗೆ ಹೊರಟಿರ್ತೀಯ.”

“ಬಂದು?”

“ಬಂದು ಏನು, ಬಟ್ಟೆ ಬದಲಾಯಿಸ್ತಾಳೆ. ಬೀದಿ ಸೀರೇಲೇ ಅಮ್ಮನ್ನ ಮುಟ್ಟಕ್ಕಾಗತ್ತಾ?”

ಅದು ಅವನಿಗೆ ಗೊತ್ತಿದ್ದ ವಿಷಯವೇ. ಕಾಟನ್‌ಪೇಟೆಯಿಂದ ನಡೆದು ಬರುವ ಕಮಲಮ್ಮ, ಈ ಮನೆಯಲ್ಲೇ ಇಟ್ಟ ಸೀರೆ ಉಟ್ಟ ಮೇಲೆಯೇ ಅಮ್ಮನ ಹತ್ತಿರ ಹೋಗಬೇಕು. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಅಮ್ಮ ಇಟ್ಟ ಒಂದೇ ಷರತ್ತು ಅದು. ಬಚ್ಚಲುಮನೆಗೆ ಹೋಗಬೇಕಾದರೆ ಅಡುಗೆಮನೆ ದಾಟಬೇಕು; ಕಮಲಮ್ಮ ಅಡುಗೆಮನೆಗೆ ಬರುವ ಹಾಗಿಲ್ಲ. ಹಿತ್ತಲಿನ ಕಕ್ಕಸಿನ ನೆಲ ಸದಾ ಒದ್ದೆ. ಉಳಿದದ್ದು ಅಮ್ಮನ ಕೋಣೆಯಲ್ಲಿ ಬೀರುವಿನ ಪಕ್ಕದ ಮೂಲೆ.

“ಆ ಮೂಲೆ ಕಾಣತ್ತಾ ನಿಂಗೆ?” ಎಂದು ಕೇಳಿದ.

“ಮಂಚ ಕಿಟಕಿ ಹತ್ರ ಸರಿಸಿದ್ಮೇಲೆ ಕಾಣತ್ತಲ್ಲ. ನೀನೇ ತಿರುಗಿಸಿಟ್ಟೆ ಕ್ಯಾಮೆರಾನ.”

“ನೋಡ್ತಾ ಇದ್ಯಾ?”

ಪದ್ಮಿನಿಯ ದನಿ ಬಿಗಿಯಾಯಿತು. “ಏನೋ ನಿನ್ನ ಮಾತು! ಅಮ್ಮ ಕೇಳ್ತಿದ್ರು. ಅವರಿಗೆ ಕತ್ತು ಆ ಕಡೆ ಹೊರಳಲ್ಲ. ಸೀರೆ ಒಂದೇ ಬದಲಾಯಿಸ್ತಾಳೋ, ಲಂಗ ರವಿಕೇನೂ ಬದಲಾಯಿಸ್ತಾಳೋ ನೋಡೇ ಅಂದ್ರು. ನೋಡಿ ಹೇಳ್ತಿದ್ದೆ. ಎಲ್ಲಾನೂ ಬದಲಾಯಿಸ್ತಾಳೆ, ಪಾಪ. ಒಂದು ದಿನಾನೂ ತಪ್ಪಿಸಿಲ್ಲ. ಹೆಂಗಸು ಹೆಂಗಸನ್ನ ನೋಡಿದ್ರೆ ಏನಾಯ್ತೀಗ?”

ಅವನು ಹೇಳಿದ. ಆ ತಾಣ, ಆ ಚೌಕ, ಅದರ ಕೆಳಗಿನ ಸಾಲು. ಮಧ್ಯೆ ಮಧ್ಯೆ ಅವಳು ‘ಯಾರು?’, ‘ಎಲ್ಲಿಯವರು?’ ಎಂದು ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನು ನಿಲ್ಲಿಸಿದಳು.

“ಅಮ್ಮನ್ನೂ ನೋಡಿದಾರಾ?”

“ಮಲಗಿರೋದನ್ನ ನೋಡಿದಾರೆ. ಮೈ ಒರೆಸೋವಾಗ ಕಮಲಮ್ಮ ಟವೆಲ್ ಮುಚ್ತಿದ್ರಲ್ಲ.”

“ದೇವರು ದೊಡ್ಡೋನು,” ಎಂದಳು ಪದ್ಮಿನಿ. “ಕಮಲಮ್ಮಂಗೆ ಹೇಳ್ಬೇಡ ಹರಿ. ಹೇಳಿದ್ರೆ ಏನ್ ಬಂತು? ಅವಳಿಗೂ ಸಂಕಟ. ಬಿಟ್ಟು ಹೋದ್ರೆ ಅಮ್ಮನ್ನ ನೋಡ್ಕೊಳ್ಳೋರು ಯಾರು? ನೀನಾ?”

ಅವನು ಫೋನ್ ಇಟ್ಟು ಲ್ಯಾಪ್‌ಟಾಪ್ ಕಡೆ ತಿರುಗಿದ. ಆ ಚೌಕ ಈಗ ಕಪ್ಪಗಿತ್ತು. ಆದರೆ ಅದರ ಕೆಳಗಿನ ಮಾತುಗಳ ನಡುವೆ ಯಾರೋ ಉಳಿಸಿಟ್ಟುಕೊಂಡಿದ್ದ ತುಣುಕುಗಳು ಹಾಗೇ ಇದ್ದವು. ಉಗುರಿನಷ್ಟು ಚಿಕ್ಕ ಚಿತ್ರಗಳು. ಬೀರು, ಗೋಡೆ, ತಲೆಯ ಮೇಲಕ್ಕೆ ಎತ್ತಿದ ತೋಳು. ಎಲ್ಲಕ್ಕಿಂತ ಹಿಂದಿನ ತಾರೀಕು ಯುಗಾದಿಯ ಹೊತ್ತಿನದು. ಅವನು ಒಂದನ್ನೂ ಒತ್ತಲಿಲ್ಲ. ತಾಣದವರಿಗೆ ತೆಗೆಯಿರೆಂದು ಬರೆಯಲು ಒಂದು ಜಾಗವಿತ್ತು, ಬರೆದ. ತುಣುಕುಗಳನ್ನು ಇಳಿಸಿಕೊಂಡವರಿಗೆ ಬರೆಯುವ ಜಾಗ ಎಲ್ಲೂ ಇರಲಿಲ್ಲ.

ಐದು ಗಂಟೆಗೆ ಕಮಲಮ್ಮ ಹೊರಡುವ ಹೊತ್ತು. ತಮ್ಮ ಸೀರೆಯ ಚೀಲ ತೆಗೆದುಕೊಂಡು ಮೂಲೆಯ ಕಡೆ ಹೊರಟವರನ್ನು ಶ್ರೀಹರಿ ಬಾಗಿಲಲ್ಲಿ ತಡೆದ.

“ಬಚ್ಚಲುಮನೇಲಿ ಬದಲಾಯಿಸ್ಕೊಳ್ಳಿ ಕಮಲಮ್ಮ.”

“ಅಡುಗೆಮನೆ ದಾಟ್ಬೇಕಲ್ಲ ಸಾರ್.”

“ದಾಟಿ.”

ಕಮಲಮ್ಮ ಅವನ ಮುಖ ನೋಡಿದರು. ಆಮೇಲೆ ತಿರುಗಿ, ವೈರು ಜೋತುಬಿದ್ದಿದ್ದ ಕ್ಯಾಮೆರಾ ನೋಡಿದರು. ಅಲ್ಲಿಂದ ಬೀರುವಿನ ಪಕ್ಕದ ಮೂಲೆಗೆ ಅವರ ಕಣ್ಣು ನಿಧಾನವಾಗಿ ಹೋಯಿತು. ಬಾಡಿಗೆ ಮನೆ ನೋಡಲು ಬಂದವರು ಗೋಡೆಯಿಂದ ಗೋಡೆಗೆ ಅಳೆದು ನೋಡುವಂತೆ.

“ಸಾರ್, ಹೊರಗ್ ಬನ್ನಿ,” ಎಂದರು.

ಜಗುಲಿಯ ಮೇಲೆ ಅವನು ಹೇಳಿದ. ತರಗತಿಯಲ್ಲಿ ಕಷ್ಟದ ಪಾಠವನ್ನು ಹೇಳುವಂತೆ ಮೊದಲಿನಿಂದ ಶುರುಮಾಡಿದ; ಪ್ಲೇಯರು, ರೂಟರು, ಪಾಸ್‌ವರ್ಡ್. ಕಮಲಮ್ಮ ಕೈ ಅಡ್ಡ ಹಿಡಿದರು.

“ಅದೆಲ್ಲ ನಂಗ್ ಬೇಡ. ಗಂಡಸ್ರು ನೋಡಿದಾರಾ?”

“ಹೂಂ.”

“ಮುಖ ಕಾಣ್ಸತ್ತಾ?”

“ಕಾಣ್ಸತ್ತೆ.”

“ಅಳಿಸಕ್ಕಾಗತ್ತಾ?”

ಆಗುತ್ತದೆ ಎನ್ನಲು ಅವನ ಬಾಯಿ ತೆರೆದಿತ್ತು. “ಪೂರ್ತಿ ಆಗಲ್ಲ,” ಎಂದ. “ಒಬ್ರು ತೆಗೆದ್ರೂ ಇನ್ನೊಬ್ರ ಹತ್ರ ಇರತ್ತೆ.”

ಬೀದಿಯಲ್ಲಿ ಹೂವಿನವಳು ಮೊಳ ಹಾಕುತ್ತ ಯಾರೊಂದಿಗೋ ಚೌಕಾಸಿ ಮಾಡುತ್ತಿದ್ದಳು. ಕಮಲಮ್ಮ ಜಗುಲಿಯ ಕಂಬ ಹಿಡಿದು ನಿಂತಿದ್ದರು. ಅಳಲಿಲ್ಲ. ಸೆರಗನ್ನು ಎರಡೂ ಹೆಗಲ ಮೇಲೆ ಎಳೆದು ಕತ್ತಿನ ಹತ್ತಿರ ಮುಷ್ಟಿಯಲ್ಲಿ ಹಿಡಿದುಕೊಂಡರು, ಅಷ್ಟೆ.

“ನಾನು ಕೇಳಿದ್ದೆ ನಿಮ್ಮನ್ನ,” ಎಂದರು. “ಹಾಕಿದ ದಿನಾನೇ ಕೇಳಿದ್ದೆ. ಮಂಚ ಮಾತ್ರ ಕಾಣತ್ತೆ ಅಂದ್ರಿ.”

“ಆಗ ಅಷ್ಟೇ ಕಾಣ್ತಿತ್ತು. ಮಂಚ ಸರಿಸಿದ್ಮೇಲೆ ತಿರುಗಿಸ್ದೆ. ಆ ಮೂಲೆ ಬಂದಿದ್ದು ನನ್ನ ತಲೆಗೇ ಹೋಗ್ಲಿಲ್ಲ.”

“ನಿಮ್ಗ್ ಹೋಗ್ಲಿಲ್ಲ. ಅಕ್ಕೋರು ದಿನಾ ನೋಡ್ತಿದ್ರಲ್ಲ? ಇವತ್ತು ಬದನೇಕಾಯಿ ಪಲ್ಯ ತಂದಿದ್ಯಾ ಕಮಲಾ ಅಂತ ಡಬ್ಬೀಲಿರೋದನ್ನೂ ಫೋನಲ್ ಕೇಳ್ತಿದ್ರು. ಅವ್ರ್ ಕಣ್ಣಿಗೂ ಬೀಳ್ಲಿಲ್ವಾ ನಾನು?”

ಅವನಿಗೆ ಒಂದು ಸುಳ್ಳು ಸಾಕಾಗಿತ್ತು. ಹುಡುಕಿದ, ಸಿಗಲಿಲ್ಲ.

“ನೋಡಿ ಏನ್ ಮಾಡಿದ್ರು?”

“ಅಮ್ಮಂಗೆ ಹೇಳ್ತಿದ್ಲು. ಎಲ್ಲ ಬದಲಾಯಿಸ್ತೀರಿ ಅಂತ.”

ಕಮಲಮ್ಮ ತಲೆಯಾಡಿಸಿದರು, ಕೇಳಿದ ಬೆಲೆಗೆ ಒಪ್ಪಿದವರಂತೆ. ಒಳಗಿನಿಂದ ಅಲಮೇಲಮ್ಮ ಕೂಗಿದರು: “ಕಮಲಾ, ಹೋಗೋ ಮುಂಚೆ ನೀರು ಕೊಟ್ಟು ಹೋಗೇ.” ಅವರು ಒಳಗೆ ಹೋದರು. ತಲೆಯೆತ್ತಿ ಹಿಡಿದು ಕುಡಿಸಿದ್ದು, ಗದ್ದ ಒರೆಸಿದ್ದು ಬಾಗಿಲಿನಿಂದ ಕಂಡಿತು. ಹೊರಗೆ ಬಂದಾಗ ಈ ಮನೆಯ ಸೀರೆಯಲ್ಲೇ ಇದ್ದರು. ಬದಲಾಯಿಸದೆ, ಚೀಲ ಕಂಕುಳಲ್ಲಿ ಇರುಕಿಕೊಂಡು, ತಮ್ಮ ಹತ್ತಿರವಿದ್ದ ಮನೆಯ ಬೀಗದ ಕೈಯನ್ನು ಕಿಟಕಿಯ ಮೇಲಿಟ್ಟು ಮೆಟ್ಟಿಲಿಳಿದರು.

ಮರುದಿನ ಶ್ರೀಹರಿ ಕಾಲೇಜಿಗೆ ಹೋಗಲಿಲ್ಲ. ಬೆಳಗ್ಗೆ ಗೇಟು ತೆರೆದ ಸದ್ದಾದಾಗ ಅವನ ಜೀವ ಹಗುರಾಯಿತು. ಬಂದವಳು ಕಮಲಮ್ಮನ ಮಗಳು ಲಾಸ್ಯಾ. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ಕುತ್ತಿಗೆಯಲ್ಲಿ ಆಫೀಸಿನ ಗುರುತಿನ ಚೀಟಿ ಹಾಕಿಕೊಂಡೇ ಬಂದಿದ್ದಳು. ಒಗೆದು ಮಡಿಸಿದ ಸೀರೆಯೊಂದನ್ನು ಜಗುಲಿಯ ಮೇಲಿಟ್ಟಳು.

“ನಿಮ್ಮನೆ ಸೀರೆ. ಅಮ್ಮ ವಾಪಸ್ ಕೊಡು ಅಂದ್ರು.”

“ಒಳಗ್ ಬಾಮ್ಮ.”

“ಯಾವ ಸೀರೇಲಿ ಬರ್ಲಿ ಸಾರ್?”

ಶ್ರೀಹರಿ ಸೀರೆಯನ್ನು ಎತ್ತಿಕೊಂಡ.

“ಕಂಪ್ಲೇಂಟ್ ಕೊಡೋಣ,” ಎಂದ. “ನಾನೂ ಬರ್ತೀನಿ. ತಪ್ಪು ನಂದು ಅಂತ ಬರೆದುಕೊಡ್ತೀನಿ.”

“ರಾತ್ರಿಯೆಲ್ಲ ಅದೇ ಮಾತು ನಮ್ಮನೇಲಿ. ನಾನು ಹೋಗೋಣ ಅಂದೆ, ಅಮ್ಮ ಬೇಡ ಅಂದ್ರು. ಸ್ಟೇಷನ್‌ಗೆ ಹೋದ್ರೆ ಅದನ್ನ ಅಲ್ಲಿ ತೋರಿಸ್ಬೇಕಲ್ವಾ? ಅವ್ರು ನೋಡ್ತಾರೆ. ಆಮೇಲೆ ಕೋರ್ಟು. ಅಲ್ಲೂ ನೋಡ್ತಾರೆ. ಇನ್ನೂ ಎಷ್ಟು ಜನಕ್ಕೆ ತೋರಿಸ್ತೀಯ ನನ್ನ ಅಂದ್ರು.” ಅವಳು ಕುತ್ತಿಗೆಯ ಗುರುತಿನ ಚೀಟಿಯನ್ನು ತಿರುವಿ ಹಾಕಿದಳು. “ಮಗಳ ಮುಂದೆ ಆಡೋ ಮಾತಾ ಸಾರ್ ಅದು? ನಾನು ಕೂಡ ನೋಡ್ಬಾರ್ದು ಅಂತ ನನ್ನ ಫೋನ್ ಕಿತ್ತು ದಿಂಬಿನ ಕೆಳಗಿಟ್ಕೊಂಡು ಮಲ್ಗಿದ್ರು.”

“ನಾನು ಹೇಳದೇ ಇದ್ದಿದ್ರೆ...” ಎಂದ ಶ್ರೀಹರಿ, ಮುಂದಿನದು ತನಗೇ ಗೊತ್ತಿಲ್ಲದೆ.

“ಹೇಳದೇ ಇದ್ದಿದ್ರೆ ಇವತ್ತೂ ಬಂದು ನಿಮ್ಮಮ್ಮನ ಮೈ ಒರೆಸ್ತಿದ್ರು. ಅದಕ್ಕೇನಾ ನೀವು ಯೋಚ್ನೆ ಮಾಡಿದ್ದು?” ಲಾಸ್ಯಾ ಒಳಗಿನ ಕತ್ತಲೆಯ ಕಡೆ ಕತ್ತು ಚಾಚಿ ನೋಡಿದಳು. “ಅಜ್ಜಿಗೆ ಹೇಳಿದ್ರಾ?”

“ಇಲ್ಲ.”

“ನಮ್ಮಮ್ಮ ತಡ್ಕೋತಾರೆ, ಹೇಳ್ಬಹುದು. ನಿಮ್ಮಮ್ಮ ತಡ್ಕೊಳ್ಳಲ್ಲ. ಅಲ್ವಾ?”

ಅವಳು ಉತ್ತರಕ್ಕೆ ನಿಲ್ಲಲಿಲ್ಲ. ಗೇಟು ದಾಟಿ, ರಸ್ತೆಯ ಅಂಚಿನಲ್ಲಿ ನಿಂತು, ದುಪಟ್ಟಾದ ತುದಿಯಿಂದ ಮುಖ ಒರೆಸಿಕೊಂಡು, ಬಸ್ ಸ್ಟಾಪಿನ ಕಡೆ ಬಿರುಸಾಗಿ ನಡೆದಳು.

ಏಜೆನ್ಸಿಯವರು ಮುಂದಿನ ವಾರದವರೆಗೂ ಯಾರನ್ನೂ ಕಳಿಸಲಾಗದು ಎಂದರು. ಪಕ್ಕದ ಮನೆಯವರು ಮಗಳ ಬಾಣಂತನಕ್ಕೆಂದು ಊರಿಗೆ ಹೋಗಿದ್ದರು. ಪದ್ಮಿನಿ ನಾಳೆ ಬರುತ್ತೇನೆ ಎಂದಳು. ಸಂಜೆಯೊಳಗೆ ಅದು ನಾಡಿದ್ದಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಹತ್ತು ಗಂಟೆಯಾಗುತ್ತಿದ್ದಂತೆ ಕೋಣೆಯಿಂದ ವಾಸನೆ ಬರತೊಡಗಿತು.

ಶ್ರೀಹರಿ ಬಿಸಿನೀರಿನ ಬೇಸಿನ್ನು, ಬಟ್ಟೆ, ಹೊಸ ಡಯಾಪರು ತಂದು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟ. ಅಲಮೇಲಮ್ಮ ಆ ಬೇಸಿನ್ನನ್ನೂ ಅವನನ್ನೂ ನೋಡಿದರು. ಗಂಡ ಬದುಕಿದ್ದಾಗಲೂ ಒದ್ದೆ ಸೀರೆಯಲ್ಲಿ ಬಚ್ಚಲಿನಿಂದ ಹೊರಗೆ ಬಂದವರಲ್ಲ ಅವರು. ಹಬ್ಬದ ದಿನ ಎಣ್ಣೆ ಒತ್ತಲು ಬಂದ ಮಗಳನ್ನೂ ಬಾಗಿಲಾಚೆಯಿಂದಲೇ ಕಳಿಸುತ್ತಿದ್ದರು.

“ಕಮಲಾ ಬರ್ಲಿ,” ಎಂದರು.

“ಅವರು ಬರಲ್ಲಮ್ಮ.”

“ಯಾಕೆ?”

ಅವನು ಹೇಳಿದ. ರೂಟರಿನಿಂದ ಶುರುಮಾಡಲಿಲ್ಲ. ಕಮಲಮ್ಮ ಬಟ್ಟೆ ಬದಲಾಯಿಸುವುದನ್ನು ಹೊರಗಿನ ಗಂಡಸರು ಆ ಕ್ಯಾಮೆರಾದಲ್ಲಿ ದಿನವೂ ನೋಡಿದ್ದಾರೆ ಎಂದ. ಅಷ್ಟನ್ನು ಹೇಳಲು ಎರಡು ವಾಕ್ಯ ಸಾಕಾಯಿತು. ಅಮ್ಮ ಛಾವಣಿ ನೋಡುತ್ತ ಮಲಗಿದ್ದರು. ಸರಿಯಿದ್ದ ಕೈ ಹಾಸಿಗೆಯ ಮೇಲೆ ಮಡಿಕೆಯೊಂದನ್ನು ಬಿಡಿಸಿ ಮತ್ತೆ ಮಡಿಸುತ್ತಿತ್ತು.

“ನನ್ನನ್ನೂ?” ಎಂದರು.

“ನಿಮ್ಮನ್ನ ಇಲ್ಲ. ಒರೆಸೋವಾಗ ಅವರು ಮುಚ್ತಿದ್ರು.”

ಅಮ್ಮನ ಬಾಯಿ ಒಂದು ಬದಿಗೆ ಎಳೆಯಿತು. ಅಳುವೋ, ರೋಗವೋ ತಿಳಿಯುವಂತಿರಲಿಲ್ಲ.

“ಪದ್ಮಿನಿಗೆ ನೋಡು ಅಂದಿದ್ದು ನಾನೇ ಅಂತ ಗೊತ್ತಾಯ್ತಾ ಅವಳಿಗೆ?”

“ಗೊತ್ತಾಯ್ತು.”

ನೀರಿನ ಮೇಲಿನ ಹಬೆ ತೆಳುವಾಗುತ್ತ ಬಂತು. ಶ್ರೀಹರಿ ಬಟ್ಟೆಯನ್ನು ಅದ್ದಿ ಹಿಂಡಿದ. ಯಾವ ಕಡೆಯಿಂದ ಶುರುಮಾಡಬೇಕೆಂದು ತಿಳಿಯದೆ ಅದನ್ನು ಹಿಡಿದು ನಿಂತ.

“ಬಾಗಿಲು ಹಾಕು,” ಎಂದರು ಅಮ್ಮ.

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ಬಾಗಿಲು ಹಾಕಿದ.

“ಕಿಟಕಿ.”

ಹಾಕಿದ.

“ದೀಪ ಆರಿಸು.”

ಆರಿಸಿದ. ಕಿಟಕಿಯ ಸಂದಿನಿಂದ ಬಿದ್ದ ಬೆಳಕಿನಲ್ಲಿ ಮಂಚದ ಅಂಚು ಮಾತ್ರ ತಿಳಿಯುತ್ತಿತ್ತು. ಅವನು ತಡವಿಕೊಂಡು ಹೋಗಿ ಹೊದಿಕೆಯನ್ನು ಪಾದದ ಕಡೆಯಿಂದ ಮೇಲಕ್ಕೆ ಸರಿಸಿದ. ಅಮ್ಮ ಸರಿಯಿದ್ದ ಕೈಯಿಂದ ಅದನ್ನು ಹಿಡಿದುಕೊಂಡು, ಇನ್ನೂ ಮೇಲಕ್ಕೆ, ತಮ್ಮ ಮುಖದ ಮೇಲಕ್ಕೆ ಎಳೆದುಕೊಂಡರು.